‘ಆಲ್ಪೈನ್’ ಎಂದು ಏಕೆ ಸೇರಿಸಿದರು?

ನ್ಯೂಜಿಲೆಂಡಿನ ಉತ್ತರ ದ್ವೀಪದ ನಟ್ಟನಡುವೆ ಟೊಂಗರಿರೊ ಎಂಬ ಜ್ವಾಲಾಮುಖಿ ಪರ್ವತವಿದೆ. ಅದರ ಹೆಗಲೇರಿ ಆಚೆ ಇಳಿಯುವ ದಾರಿಗೆ ಮೊದಲು ‘ಟೊಂಗರಿರೊ ಕ್ರಾಸಿಂಗ್’ ಎಂದಷ್ಟೇ ಹೆಸರು. 2007ರಲ್ಲಿ ಅಲ್ಲಿನ ಸಂರಕ್ಷಣಾ ಇಲಾಖೆ ಆ ಹೆಸರಿನ ನಡುವೆ ‘ಆಲ್ಪೈನ್’ ಎಂಬ ಪದ ಸೇರಿಸಿತು. ಅದು ಅಂದಕ್ಕಲ್ಲ. ಒಂದೇ ದಿನದ ನಡಿಗೆ ತಾನೇ ಎಂದು ಚಡ್ಡಿ, ಟೀಶರ್ಟು ಹಾಕಿಕೊಂಡು ಬರುವವರಿಗೆ ಅದು ಎಚ್ಚರಿಕೆ.

ದಾರಿಯ ನೆತ್ತಿಯಾದ ರೆಡ್ ಕ್ರೇಟರ್ 1886 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಗಿಂತ ತುಸು ಕಮ್ಮಿಯೇ. ಇಷ್ಟಕ್ಕೆ ಇಷ್ಟೊಂದು ಗದ್ದಲವೇ ಎಂದು ಚಿಕ್ಕಮಗಳೂರಿನವರಿಗೆ ನಗು ಬಂದೀತು. ಆದರೆ ಮುಳ್ಳಯ್ಯನಗಿರಿ ಇರುವುದು ಸಮಭಾಜಕ ವೃತ್ತದಿಂದ 13 ಡಿಗ್ರಿ ಉತ್ತರಕ್ಕೆ, ಟೊಂಗರಿರೊ 39 ಡಿಗ್ರಿ ದಕ್ಷಿಣಕ್ಕೆ. ಅಲ್ಲಿ ಈ ಎತ್ತರಕ್ಕೆ ಒಂದು ಮರವೂ ಇಲ್ಲ. ಬೇಸಿಗೆಯಲ್ಲೂ ಹಿಮ ಬೀಳಬಹುದು.

ಮಂಗಟೆಪೊಪೊ ಎಂಬಲ್ಲಿ ನಡಿಗೆ ಶುರು, ಸುಮಾರು 1100 ಮೀಟರ್ ಎತ್ತರದಲ್ಲಿ. ಅಲ್ಲಿ ಬೆಳಿಗ್ಗೆ 10 ಡಿಗ್ರಿ ಇತ್ತು ಎನ್ನೋಣ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುವ ಲೆಕ್ಕದಲ್ಲಿ ನೆತ್ತಿಯ ಮೇಲೆ 5 ಡಿಗ್ರಿ. ಇದರ ಮೇಲೆ ಗಂಟೆಗೆ 50 ಕಿಲೋಮೀಟರ್ ಗಾಳಿ ಬೀಸಿದರೆ ಮೈಗೆ ತಟ್ಟುವ ಚಳಿ ಸೊನ್ನೆಗಿಂತ ಕೆಳಗಿನದು. ನಮ್ಮ ಚರ್ಮ ತನ್ನ ಸುತ್ತ ಬೆಚ್ಚನೆಯ ಗಾಳಿಯ ತೆಳು ಪದರವೊಂದನ್ನು ಕಟ್ಟಿಕೊಂಡಿರುತ್ತದೆ. ಬೀಸುಗಾಳಿ ಅದನ್ನು ಮತ್ತೆ ಮತ್ತೆ ಕಿತ್ತೊಯ್ಯುತ್ತದೆ. ಬಟ್ಟೆ ನೆನೆದರಂತೂ ಮುಗಿಯಿತು: ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಎಳೆದುಕೊಳ್ಳುತ್ತದೆ. ನಮ್ಮೂರ ಬಿಸಿಲಿಗೆ ಹೇಳಿ ಮಾಡಿಸಿದ ಹತ್ತಿ ಬಟ್ಟೆ ಅಲ್ಲಿ ಶತ್ರು. ಒದ್ದೆಯಾದರೂ ಒಂದಷ್ಟು ಬಿಸುಪು ಉಳಿಸಿಕೊಳ್ಳುವ ಉಣ್ಣೆಯೇ ವಾಸಿ.

ಹವೆ ಅಷ್ಟು ಬೇಗ ಕೆಡುವುದಕ್ಕೂ ಕಾರಣವಿದೆ. ಪಡುವಣದ ಟಾಸ್ಮನ್ ಸಮುದ್ರದಿಂದ ತೇವ ಹೊತ್ತು ಬರುವ ಗಾಳಿಗೆ ಈ ಬೆಟ್ಟ ಅಡ್ಡ. ಗಾಳಿ ಮೇಲೇರುತ್ತ ಹಿಗ್ಗುತ್ತದೆ, ಹಿಗ್ಗಿದಂತೆ ತಣಿಯುತ್ತದೆ, ಹೊತ್ತ ತೇವ ಮೋಡವಾಗುತ್ತದೆ. ಆಗುಂಬೆಯ ಮಳೆಯ ಗುಟ್ಟೂ ಇದೇ. ಬೆಟ್ಟದಲ್ಲಿ ನಿಂತವನಿಗೆ ಆ ಮೋಡ ದೂರದಿಂದ ಬರುವುದು ಕಾಣುವುದಿಲ್ಲ. ಅವನ ಸುತ್ತಲೇ ಹುಟ್ಟುತ್ತದೆ.

ಇಷ್ಟೆಲ್ಲ ತಿಳಿದವರೂ ಎಡವುವುದು ಇನ್ನೊಂದು ಕಡೆ. ದಾರಿ ಸುಮಾರು 20 ಕಿಲೋಮೀಟರ್, ಏಳೆಂಟು ಗಂಟೆಯ ನಡಿಗೆ. ಶುರುವಾಗುವುದು ಮಂಗಟೆಪೊಪೊದಲ್ಲಿ, ಮುಗಿಯುವುದು ಬೆಟ್ಟದ ಆಚೆ ಬದಿಯ ಕೆಟೆಟಾಹಿಯಲ್ಲಿ. ಹೆಚ್ಚಿನವರು ಬಸ್ಸಿನ ವ್ಯವಸ್ಥೆ ಮಾಡಿಕೊಂಡೇ ಬರುತ್ತಾರೆ. ಬಸ್ಸು ಆಚೆ ಬದಿಯಲ್ಲಿ ಕಾಯುತ್ತಿದೆ ಎಂಬ ಒಂದೇ ಯೋಚನೆ ಕಾಲನ್ನು ಮುಂದಕ್ಕೆ ದಬ್ಬುತ್ತದೆ. ಹಿಂದಿರುಗಿದರೆ ಹಣವೂ ದಿನವೂ ಹಾಳಾಯಿತಲ್ಲ ಎಂಬ ಲೆಕ್ಕಾಚಾರ ಬೇರೆ. ಹವೆ ಕೆಟ್ಟ ದಿನ ಬಸ್ಸಿನವರೇ ಓಡಾಟ ನಿಲ್ಲಿಸುವುದುಂಟು; ಅಂಥ ದಿನ ಆ ಲೆಕ್ಕಕ್ಕೆ ಅವಕಾಶವೇ ಇಲ್ಲ, ಒಳ್ಳೆಯದೇ ಆಯಿತು.

ಉಳಿದ ದಿನಗಳಲ್ಲಿ ಮುಂದೆ ಹೋಗುವುದೋ ಹಿಂದಿರುಗುವುದೋ ಎಂಬ ತೀರ್ಮಾನ ಆಗಬೇಕಾದ ಜಾಗ, ನೆತ್ತಿಗೆ ಮುಂಚೆ ಸಿಗುವ ಸೌತ್ ಕ್ರೇಟರ್. ಕಡಿದಾದ ಏರು ಮುಗಿಸಿ ಬಂದವರಿಗೆ ಅಲ್ಲಿ ಚಪ್ಪಟೆ ಬಯಲು ಸಿಗುತ್ತದೆ. ಮೇಲೆ ರೆಡ್ ಕ್ರೇಟರಿನ ಏಣು ನೇರವಾಗಿ ಗಾಳಿಗೆ ಒಡ್ಡಿಕೊಂಡಿದೆ. ಅದನ್ನು ದಾಟಿದರೆ ಎಮರಾಲ್ಡ್ ಕೆರೆಗಳತ್ತ ಸಡಿಲ ಕಲ್ಲುಪುಡಿಯ ಇಳಿಜಾರು. ಇಳಿಯುವಾಗ ಕಾಲು ಜಾರುತ್ತದೆ, ಮತ್ತೆ ಹತ್ತಬೇಕೆಂದರೆ ಎರಡು ಹೆಜ್ಜೆಗೆ ಒಂದು ಹೆಜ್ಜೆ ಹಿಂದಕ್ಕೆ. ಹಾಗಾಗಿ ಬಯಲಿನಲ್ಲಿ ನಿಂತು ಏಣಿನತ್ತ ನೋಡಬೇಕು. ಅದು ಕಾಣದಿದ್ದರೆ, ಚೀಲದಲ್ಲಿರುವ ಬೆಚ್ಚನೆಯ ಅಂಗಿಯನ್ನು ಅಲ್ಲೇ ತೊಟ್ಟು, ಬಂದ ದಾರಿಯಲ್ಲೇ ಇಳಿಯಬೇಕು.