ಕತ್ತಲಲ್ಲಿ ಹೊಳೆದ ಎಣ್ಣೆ

ಎಂಜಿನ್ನಿನ ನೆತ್ತಿಯಲ್ಲಿ ಜಿನುಗುವ ಎಣ್ಣೆ ಜಿನುಗಿದ ಜಾಗದಲ್ಲಿ ನಿಲ್ಲುವುದಿಲ್ಲ. ವಾಲ್ವ್ ಕವರಿನ ಅಂಚು ಹಿಡಿದು ಸಾಗುತ್ತದೆ, ಬೋಲ್ಟಿನ ಗುಳಿಯಲ್ಲಿ ತಂಗುತ್ತದೆ, ಗಾಳಿಯ ಹೊಡೆತಕ್ಕೆ ಹಿಂದಕ್ಕೆ ಸರಿಯುತ್ತದೆ. ಬಿಸಿ ಎಕ್ಸಾಸ್ಟಿನ ಮೇಲೆ ಬಿದ್ದು ಸುಟ್ಟ ವಾಸನೆ ಬಂದಾಗಲೇ ಎಷ್ಟೋ ಮಾಲೀಕರಿಗೆ ವಿಷಯ ತಿಳಿಯುವುದು. ಅಷ್ಟರಲ್ಲಿ ಧೂಳು ಕೂಡಿ ಎಲ್ಲವೂ ಒಂದೇ ಕಪ್ಪು ಜಿಡ್ಡಾಗಿರುತ್ತದೆ. ಫಿಲ್ಲರ್ ಮುಚ್ಚಳದ ರಬ್ಬರೋ, ಕವರಿನ ಗ್ಯಾಸ್ಕೆಟ್ಟೋ, ಸ್ಪಾರ್ಕ್ ಪ್ಲಗ್ಗಿನ ಸುತ್ತಲ ಸೀಲೋ, ಇಲ್ಲ ಆಯಿಲ್ ತುಂಬುವಾಗ ಚೆಲ್ಲಿದ್ದೋ, ಕಣ್ಣಳತೆಯಿಂದ ಹೇಳುವುದು ಕಷ್ಟ.

ಕಾಣದ ಸೀಳನ್ನು ಎಣ್ಣೆಯಿಂದಲೇ ಹೇಳಿಸುವ ಉಪಾಯವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೇ ರೈಲ್ವೆ ಕಾರ್ಖಾನೆಗಳು ಅರಿತಿದ್ದವು. ಸೀಮೆಎಣ್ಣೆ ಬೆರೆಸಿದ ದಪ್ಪ ಎಣ್ಣೆಯಲ್ಲಿ ಬಿಡಿಭಾಗವನ್ನು ನೆನೆಹಾಕಿ, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ನಯವಾದ ಪುಡಿಯನ್ನು ಬಳಿಯುತ್ತಿದ್ದರು. ಆಮೇಲೆ ಸುತ್ತಿಗೆಯಿಂದ ಬಡಿದರೆ ಬಿರುಕಿನೊಳಗೆ ಉಳಿದಿದ್ದ ಎಣ್ಣೆ ಹೊರಬಂದು ಬಿಳುಪಿನ ಮೇಲೆ ಕಲೆ ಮಾಡುತ್ತಿತ್ತು. ತೊಳೆದು ಒಣಗಿಸಿದ ಎಂಜಿನ್ನಿನ ಮೇಲೆ ಟಾಲ್ಕಂ ಪೌಡರ್ ಉದುರಿಸಿ ಲೀಕು ಹುಡುಕುವ ಮೆಕ್ಯಾನಿಕ್ ಮಾಡುವುದೂ ಇದನ್ನೇ. ಆದರೆ ತೀರಾ ಸಣ್ಣ ಸೀಳಿನ ಮಟ್ಟಿಗೆ ಸೀಮೆಸುಣ್ಣದ ಪುಡಿ ಸಾಲುತ್ತಿರಲಿಲ್ಲ.

ಮುಂದಿನ ಹೆಜ್ಜೆ ಬಂದದ್ದು ಕಾರ್ಖಾನೆಯಿಂದಲ್ಲ, ಒಂದು ಔಷಧಿ ಅಂಗಡಿಯಿಂದ. ಕ್ಯಾಲಿಫೋರ್ನಿಯಾದಲ್ಲಿ 1933ರಲ್ಲಿ ರಾಬರ್ಟ್ ಸ್ವಿಟ್ಜರ್ ಎಂಬ ಹುಡುಗ ಸರಕು ಇಳಿಸುವ ಕೆಲಸದಲ್ಲಿದ್ದಾಗ ಬಿದ್ದ. ತಲೆಗೆ ಬಲವಾದ ಪೆಟ್ಟಾಗಿ ದೃಷ್ಟಿ ಕೆಟ್ಟಿತು. ವೈದ್ಯನಾಗುವ ಅವನ ಆಸೆ ಅಲ್ಲಿಗೇ ಮುಗಿಯಿತು. ಚೇತರಿಸಿಕೊಳ್ಳಲು ಕತ್ತಲೆ ಕೋಣೆಯಲ್ಲಿರಬೇಕಾಯಿತು. ತಮ್ಮ ಜೋಸೆಫ್ ರಸಾಯನಶಾಸ್ತ್ರ ಓದುತ್ತಿದ್ದ. ಅವನಿಗೆ ಜಾದೂ ಪ್ರದರ್ಶನದ ಹುಚ್ಚು. ವೇದಿಕೆಯ ಕತ್ತಲಲ್ಲಿ ಹೊಳೆಯುವ ಬಣ್ಣ ಅವನಿಗೆ ಬೇಕಿತ್ತು. ಅಣ್ಣತಮ್ಮಂದಿರು ನೇರಳಾತೀತ ದೀಪ ಹಿಡಿದು ತಂದೆಯ ಔಷಧಿ ಅಂಗಡಿಯ ಉಗ್ರಾಣಕ್ಕೆ ಹೊಕ್ಕರು. ಕಣ್ಣು ತೊಳೆಯುವ ಔಷಧಿಯ ಬಾಟಲಿಯೂ ಸೇರಿ ಅಲ್ಲಿ ಕೆಲವು ವಸ್ತುಗಳು ಹೊಳೆದವು. ಅಂಥವನ್ನು ಅರಗಿನ ವಾರ್ನಿಶಿಗೆ ಬೆರೆಸಿ ಬಣ್ಣ ಮಾಡಿದರು. ಡೇ-ಗ್ಲೋ ಎಂದು ಮುಂದೆ ಹೆಸರಾದ ಕಣ್ಸೆಳೆಯುವ ಬಣ್ಣಗಳ ಬೇರು ಆ ಉಗ್ರಾಣದಲ್ಲಿದೆ.

ನನಗೆ ಆ ಬಣ್ಣಗಳಿಗಿಂತ ದೊಡ್ಡದಾಗಿ ಕಾಣುವುದು ರಾಬರ್ಟನ ಇನ್ನೊಂದು ಯೋಚನೆ. ಆಗ ಬಿರುಕು ಹುಡುಕಲು ಕಾಂತಶಕ್ತಿಯ ವಿಧಾನವಿತ್ತು. ಅದು ಕಬ್ಬಿಣ, ಉಕ್ಕಿಗೆ ಸರಿ, ಅಲ್ಯೂಮಿನಿಯಮ್ಮಿಗೆ ನಡೆಯದು. ಸೀಳಿನೊಳಗೆ ಇಳಿಯುವ ಎಣ್ಣೆಯಂಥ ದ್ರವಕ್ಕೇ ಹೊಳೆಯುವ ಬಣ್ಣ ಬೆರೆಸಿದರೆ? ಮೇಲ್ಮೈಯನ್ನು ಒರೆಸಿ ದೀಪ ಬಿಟ್ಟರೆ ಬಿರುಕಷ್ಟೇ ಹೊಳೆಯಬೇಕು. ಹೊಳೆಯಿತು. 1941ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. ಮರುವರ್ಷ ಮ್ಯಾಗ್ನಾಫ್ಲಕ್ಸ್ ಕಂಪನಿ ಅದನ್ನು ‘ಜೈಗ್ಲೋ’ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಮಹಾಯುದ್ಧದ ಕಾಲ, ವಿಮಾನದ ಅಲ್ಯೂಮಿನಿಯಂ ಭಾಗಗಳ ತಪಾಸಣೆಗೆ ಅದು ಒದಗಿತು.

ಕಾರಿನಲ್ಲಿ ಇದೇ ತತ್ವ ತಿರುಗುಮುರುಗಾಗಿ ಕೆಲಸ ಮಾಡುತ್ತದೆ. ಬಣ್ಣ ಹೊರಗಿನಿಂದ ಇಳಿಯುವ ಬದಲು ಒಳಗಿನಿಂದ ಹೊರಬರುತ್ತದೆ. ಮೊದಲು ಹಳೆಯ ಜಿಡ್ಡನ್ನೆಲ್ಲ ತೊಳೆಯಬೇಕು. ಇದೇ ಬೇಸರದ ಕೆಲಸ, ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಆಮೇಲೆ ಫಿಲ್ಲರ್ ಬಾಯಿಗೆ ಸ್ವಲ್ಪ ಡೈ ಹಾಕಿ, ಚೆಲ್ಲಿದ ಹನಿಯನ್ನು ಒರೆಸಿ, ಗಾಡಿ ಓಡಿಸಿ, ಕತ್ತಲಲ್ಲಿ ನೇರಳಾತೀತ ಟಾರ್ಚು ಬಿಡಬೇಕು. ಲೀಕಾದಲ್ಲಿ ಹಸಿರು ಮಿಶ್ರಿತ ಹಳದಿ ಗೆರೆ ಏಳುತ್ತದೆ. ಎಣ್ಣೆ ಕೆಳಕ್ಕೂ ಹಿಂದಕ್ಕೂ ಹರಿಯುವುದರಿಂದ ಗೆರೆಯ ಅತಿ ಎತ್ತರದ, ಅತಿ ಮುಂದಿನ ತುದಿಯನ್ನು ಹಿಡಿಯಬೇಕು. ಜಿನುಗು ತೀರಾ ಕಡಿಮೆಯಿದ್ದರೆ ಕೆಲವು ದಿನ ಓಡಿಸಿ ಮತ್ತೆ ನೋಡಬೇಕಾಗುತ್ತದೆ.

ಹೊಳಪು ಒಂದೇ ಕಡೆಯಿದ್ದರೆ ಅಲ್ಲಿನ ರಬ್ಬರ್ ಗಟ್ಟಿಯಾಗಿದೆಯೇ, ಬೋಲ್ಟ್ ಸಡಿಲವೇ ಎಂದು ನೋಡಿದರಾಯಿತು. ಹೊಸ ಗ್ಯಾಸ್ಕೆಟ್ ಹಾಕಿದ ಮೇಲೂ ಅಲ್ಲಲ್ಲಿ ಹೊಳೆಯುತ್ತಿದ್ದರೆ ಪಿಸಿವಿ ವಾಲ್ವನ್ನು ಬಿಚ್ಚಿ ಪರೀಕ್ಷಿಸಬೇಕು. ಪಿಸ್ಟನ್ನಿನ ಪಕ್ಕದಿಂದ ಕ್ರ್ಯಾಂಕ್‌ಕೇಸಿಗೆ ನುಸುಳಿದ ಅನಿಲ ಅದರ ಮೂಲಕ ಇನ್‌ಟೇಕಿಗೆ ಹೋಗಬೇಕು. ಅದು ಕಟ್ಟಿಕೊಂಡರೆ ಒಳಗೆ ಒತ್ತಡ ಏರುತ್ತದೆ; ಆಗ ಎಣ್ಣೆ ಸರಿಯಿರುವ ಸೀಲನ್ನೂ ದಾಟಿ ಹೊರಬರುತ್ತದೆ.