ತೂಕದ ಯಂತ್ರಕ್ಕೆ ಕಾಣದ ಲಾಭ

2021ರ ಮೇ ತಿಂಗಳಲ್ಲಿ ಟೊಸಿಲಿಜುಮಾಬ್ ಎಂಬ ನಾಲಿಗೆ ಹೊರಳದ ಹೆಸರು ಮನೆಮನೆಯ ಮಾತಾಗಿತ್ತು. ಐಸಿಯುನಲ್ಲಿದ್ದ ತಮ್ಮವರಿಗೆ ಆ ಒಂದು ಇಂಜೆಕ್ಷನ್ ಸಿಕ್ಕರೆ ಸಾಕೆಂದು ಜನ ಅಂಗಡಿಯಿಂದ ಅಂಗಡಿಗೆ ಅಲೆದರು, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಅಂಗಲಾಚಿದರು. ಲ್ಯಾಬ್ ರಿಪೋರ್ಟಿನಲ್ಲಿ ‘ಐಎಲ್-6’ ಎಂಬ ಸಾಲಿನೆದುರು ಏರಿದ ಅಂಕಿ ಕಂಡರೆ ಎದೆ ಧಸಕ್ಕೆನ್ನುತ್ತಿತ್ತು. ಇಂಟರ್‌ಲ್ಯೂಕಿನ್-6 ಎಂಬ ಈ ಪ್ರೋಟೀನು ರೋಗನಿರೋಧಕ ಕಣಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಸಾಧನ. ಕೋವಿಡ್ ಬಿಗಡಾಯಿಸಿದವರಲ್ಲಿ ಅದು ಹದ್ದುಮೀರಿ ಉರಿಯೂತವನ್ನು ಕೆರಳಿಸುತ್ತಿತ್ತು. ಅದರ ಸಂದೇಶ ಜೀವಕೋಶಗಳನ್ನು ತಲುಪದಂತೆ ತಡೆಯುವುದು ಟೊಸಿಲಿಜುಮಾಬಿನ ಕೆಲಸ.

ಇದೇ ಐಎಲ್-6 ಮ್ಯಾರಥಾನ್ ಓಡಿ ಮುಗಿಸಿದ ಆರೋಗ್ಯವಂತನ ರಕ್ತದಲ್ಲೂ ಏರುತ್ತದೆ. ಕೆಲವೊಮ್ಮೆ ಮಾಮೂಲಿಗಿಂತ ನೂರು ಪಟ್ಟಿನವರೆಗೆ! ಆದರೂ ಓಟಗಾರ ಆಸ್ಪತ್ರೆ ಸೇರುವುದಿಲ್ಲ. ನೀರು ಕುಡಿದು, ಬಾಳೆಹಣ್ಣು ತಿಂದು ಮನೆಗೆ ಹೋಗುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಐಎಲ್-6 ತಾನಾಗಿಯೇ ಇಳಿಯುತ್ತದೆ.

ಮೊದಮೊದಲು ವಿಜ್ಞಾನಿಗಳು ಇದಕ್ಕೆ ಸುಲಭದ ವಿವರಣೆ ಕೊಟ್ಟುಕೊಂಡಿದ್ದರು: ಓಟದಲ್ಲಿ ಸ್ನಾಯುವಿಗೆ ಪೆಟ್ಟಾಗುತ್ತದೆ, ಅದನ್ನು ರಿಪೇರಿ ಮಾಡಲು ಬಂದ ಬಿಳಿ ರಕ್ತಕಣಗಳು ಐಎಲ್-6 ಸುರಿಸುತ್ತವೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಬೆಂಟೆ ಕ್ಲಾರ್ಲುಂಡ್ ಪೆಡರ್ಸನ್ ಎಂಬ ವೈದ್ಯೆಯ ತಂಡಕ್ಕೆ ಇದು ಸರಿಯೆನಿಸಲಿಲ್ಲ. 2000ರಲ್ಲಿ ಅವರು ಪ್ರಕಟಿಸಿದ ಪ್ರಯೋಗ ಸರಳವೂ ಹೌದು, ಸುಂದರವೂ ಹೌದು. ಆರು ಮಂದಿ ಆರೋಗ್ಯವಂತ ಗಂಡಸರನ್ನು ಕೂರಿಸಿ, ಒಂದೇ ಕಾಲನ್ನು ಮೊಣಕಾಲಿನಿಂದ ಮುಂದಕ್ಕೆ ಚಾಚುವ ವ್ಯಾಯಾಮವನ್ನು ಐದು ಗಂಟೆ ಮಾಡಿಸಿದರು. ಇನ್ನೊಂದು ಕಾಲು ಸುಮ್ಮನೆ ಇತ್ತು. ತೊಡೆಗೆ ಹೋಗುವ ರಕ್ತವನ್ನೂ ಎರಡೂ ತೊಡೆಗಳಿಂದ ಮರಳುವ ರಕ್ತವನ್ನೂ ಸಣ್ಣ ಕೊಳವೆಗಳಿಂದ ತೆಗೆದು ಪರೀಕ್ಷಿಸಿದರು. ದುಡಿದ ಕಾಲಿನಿಂದ ಐಎಲ್-6 ಧಾರಾಳವಾಗಿ ಹೊರಬರುತ್ತಿತ್ತು. ಸುಮ್ಮನಿದ್ದ ಕಾಲಿನಿಂದ ಇಲ್ಲವೇ ಇಲ್ಲ. ಒಂದೇ ದೇಹ, ಒಂದೇ ರಕ್ತ, ಆದರೆ ವ್ಯತ್ಯಾಸ ಅಷ್ಟು ಸ್ಪಷ್ಟ. ದುಡಿಯುವ ಸ್ನಾಯುವೇ ಇದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ ಎಂಬುದು ಹೀಗೆ ಖಚಿತವಾಯಿತು. ಸ್ನಾಯು ಹೊರಬಿಡುವ ಇಂಥ ವಸ್ತುಗಳಿಗೆ 2003ರಲ್ಲಿ ‘ಮಯೋಕೈನ್’ ಎಂಬ ಹೆಸರು ಬಂತು. ಅಲ್ಲಿಯವರೆಗೆ ಕೈಕಾಲು ಆಡಿಸುವ ಯಂತ್ರವೆಂದಷ್ಟೇ ತಿಳಿದಿದ್ದ ಸ್ನಾಯು, ಹಾರ್ಮೋನು ಸುರಿಸುವ ಥೈರಾಯ್ಡ್, ಮೇದೋಜೀರಕಗಳ ಸಾಲಿಗೆ ಸೇರಿತು.

ಹಾಗಾದರೆ ಒಂದೇ ವಸ್ತು ಒಂದು ಕಡೆ ಕೊಲ್ಲುವುದೇಕೆ, ಇನ್ನೊಂದು ಕಡೆ ಕಾಯುವುದೇಕೆ? ಉತ್ತರ ಅದರ ಸಹವಾಸದಲ್ಲಿದೆ. ಸೋಂಕಿನಲ್ಲಿ ಐಎಲ್-6 ಒಂಟಿಯಾಗಿ ಬರುವುದಿಲ್ಲ. ಟಿಎನ್‌ಎಫ್-ಆಲ್ಫಾ ಎಂಬ ಉರಿಯೂತದ ಪ್ರಚೋದಕ ಜೊತೆಗಿರುತ್ತದೆ. ಸ್ನಾಯುವಿನಿಂದ ಬರುವಾಗ ಈ ಜೊತೆಗಾರ ಇರುವುದಿಲ್ಲ. ಬದಲಿಗೆ ಐಎಲ್-10ರಂಥ ಉರಿಯೂತ ತಣಿಸುವ ವಸ್ತುಗಳು ಅದರ ಬೆನ್ನಿಗೇ ರಕ್ತದಲ್ಲಿ ಹೆಚ್ಚುತ್ತವೆ. ಕೋಪನ್‌ಹೇಗನ್ ತಂಡ ಇದನ್ನೂ ಪರೀಕ್ಷೆಗೊಡ್ಡಿತು. ಸ್ವಯಂಸೇವಕರಿಗೆ ಇ. ಕೋಲಿ ಬ್ಯಾಕ್ಟೀರಿಯಾದ ವಿಷಾಂಶವನ್ನು ಅಪಾಯವಾಗದಷ್ಟು ಸಣ್ಣ ಪ್ರಮಾಣದಲ್ಲಿ ಚುಚ್ಚಿದರು. ಸುಮ್ಮನೆ ವಿಶ್ರಮಿಸುತ್ತಿದ್ದಾಗ ಅದನ್ನು ಪಡೆದವರಲ್ಲಿ ಟಿಎನ್‌ಎಫ್ ಏರಿತು. ಮೂರು ಗಂಟೆ ಸೈಕಲ್ ತುಳಿಯುವ ನಡುವೆ ಪಡೆದಾಗ ಆ ಏರಿಕೆ ಅಡಗಿಹೋಯಿತು. ತುಳಿಯದೆ, ಬರೀ ಐಎಲ್-6 ಹನಿಸಿದಾಗಲೂ ಅದೇ ಫಲ.

ಇಷ್ಟೆಲ್ಲ ನಮಗೇಕೆ ಬೇಕು ಎಂದರೆ, ನಮ್ಮ ಕಾಲದ ದೊಡ್ಡ ಕಾಯಿಲೆಗಳ ಬುಡದಲ್ಲಿ ಇರುವುದು ಮಂದಗತಿಯ ಉರಿಯೂತ. ಗಾಯವಾದಾಗ ಕೆಂಪಗಾಗಿ ಊದಿ, ವಾರದೊಳಗೆ ಮಾಯುವುದು ದೇಹದ ರಕ್ಷಣೆ. ಆದರೆ ಹೊಟ್ಟೆಯೊಳಗೆ, ಕರುಳು-ಯಕೃತ್ತುಗಳ ಸುತ್ತ ಶೇಖರವಾದ ಕೊಬ್ಬಿನಲ್ಲಿ ಉರಿಯೂತ ಬೂದಿ ಮುಚ್ಚಿದ ಕೆಂಡದಂತೆ ವರ್ಷಗಟ್ಟಲೆ ಉಳಿಯುತ್ತದೆ. ನೋವಿಲ್ಲ, ಜ್ವರವಿಲ್ಲ. ಇನ್ಸುಲಿನ್ನಿನ ಮಾತನ್ನು ಜೀವಕೋಶಗಳು ಕೇಳದಂತೆ ಮಾಡುತ್ತದೆ, ರಕ್ತನಾಳದ ಒಳಗೋಡೆ ಕೆಡಿಸುತ್ತದೆ. ಉರಿಯೂತವೇ ಹೃದಯಾಘಾತಕ್ಕೆ ಕಾರಣವೋ ಅಥವಾ ಬರೀ ಜೊತೆಗಿರುವ ಲಕ್ಷಣವೋ ಎಂಬ ವಾದ ಬಹುಕಾಲ ನಡೆದಿತ್ತು. 2017ರಲ್ಲಿ ಪ್ರಕಟವಾದ, ಹತ್ತು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳಿದ್ದ ಕ್ಯಾಂಟಾಸ್ ಪರೀಕ್ಷೆ ಅದಕ್ಕೆ ಬಲವಾದ ಉತ್ತರ ಕೊಟ್ಟಿತು: ಕೊಲೆಸ್ಟ್ರಾಲ್ ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸುವ ಔಷಧ ಕೊಟ್ಟಾಗ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವು ಒಟ್ಟಾರೆ ಸುಮಾರು ಶೇ 15ರಷ್ಟು ಕಡಿಮೆಯಾದವು.

ಭಾರತೀಯರ ಮಟ್ಟಿಗೆ ಈ ಒಳಕೊಬ್ಬು ಇನ್ನೂ ಮೋಸಗಾರ. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇಬ್ಬರು ವೈದ್ಯರು ಒಟ್ಟಿಗೆ ನಿಂತ ಫೋಟೊವೊಂದನ್ನು ಪ್ರಕಟಿಸಿತು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಎತ್ತರಕ್ಕೆ ತಕ್ಕ ತೂಕದ ಲೆಕ್ಕವಾದ ಬಿಎಂಐ ಇಬ್ಬರದೂ 22.3. ನೋಡಲು ಇಬ್ಬರೂ ತೆಳ್ಳಗೆ. ಆದರೆ ದೇಹದ ಕೊಬ್ಬು ಯುಡ್ಕಿನ್ನರಲ್ಲಿ ಶೇ 9.1 ಇದ್ದರೆ ಯಾಜ್ಞಿಕರಲ್ಲಿ ಶೇ 21.2. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ ಎಂಬ ನಮ್ಮ ಸುತ್ತಲಿನ ಎಷ್ಟೋ ಜನರ ಮೈಕಟ್ಟು ಇದೇ. ‘ನಾನು ಸಣ್ಣಗೇ ಇದೀನಲ್ಲ, ನನಗ್ಯಾಕೆ ವಾಕಿಂಗು’ ಎನ್ನುವವರೂ ‘ಮೂರು ತಿಂಗಳು ನಡೆದೆ, ಒಂದು ಕೆಜಿಯೂ ಇಳಿಯಲಿಲ್ಲ, ಬಿಟ್ಟೆ’ ಎನ್ನುವವರೂ ಒಂದೇ ತಪ್ಪು ಅಳತೆಗೋಲನ್ನು ನಂಬಿದ್ದಾರೆ. ನನಗೆ ನಿಜಕ್ಕೂ ಸಂಕಟವಾಗುವುದು ಎರಡನೆಯವರನ್ನು ಕಂಡಾಗ. ಅವರಿಗೆ ಲಾಭ ಬರುತ್ತಲೇ ಇತ್ತು. ತೂಕದ ಯಂತ್ರಕ್ಕೆ ಅದು ಕಾಣುತ್ತಿರಲಿಲ್ಲ, ಅಷ್ಟೆ.

ಆ ಲಾಭಕ್ಕೆ ಐಎಲ್-6 ಎಷ್ಟು ಮುಖ್ಯವೆಂಬುದನ್ನು ತೋರಿಸಿಕೊಟ್ಟದ್ದು ಅದೇ ಟೊಸಿಲಿಜುಮಾಬ್! 2019ರ ವರದಿಯೊಂದರಲ್ಲಿ ಕೋಪನ್‌ಹೇಗನ್ನಿನವರು ಹೊಟ್ಟೆಯ ಬೊಜ್ಜಿದ್ದವರಿಂದ ಹನ್ನೆರಡು ವಾರ ಸೈಕಲ್ ತುಳಿಸಿದರು. ಕೆಲವರಿಗೆ ಟೊಸಿಲಿಜುಮಾಬ್, ಕೆಲವರಿಗೆ ಬರೀ ಉಪ್ಪುನೀರು. ಉಪ್ಪುನೀರಿನವರ ಒಳಕೊಬ್ಬು ಕರಗಿದ್ದು ಎಂಆರ್‌ಐನಲ್ಲಿ ಕಂಡಿತು. ಔಷಧ ಪಡೆದವರು ಅಷ್ಟೇ ಬೆವರು ಸುರಿಸಿದರೂ ಒಳಕೊಬ್ಬು ಕರಗಲಿಲ್ಲ. ಐಎಲ್-6ರ ಬಾಯಿ ಕಟ್ಟಿದರೆ ಕೆಂಡದ ಬುಡಕ್ಕೆ ಹೋಗುವ ದಾರಿಯೇ ಮುಚ್ಚಿಹೋಗುತ್ತದೆ.

ಇದಕ್ಕೆ ವಿರುದ್ಧ ದಿಕ್ಕಿನ ಪ್ರಯೋಗ ಬೆಚ್ಚಿಬೀಳಿಸುವಂಥದ್ದು. ದಿನಕ್ಕೆ ಸುಮಾರು ಹತ್ತು ಸಾವಿರ ಹೆಜ್ಜೆ ಹಾಕುತ್ತಿದ್ದ ಆರೋಗ್ಯವಂತ ಯುವಕರಿಗೆ ಇದೇ ತಂಡ ಲಿಫ್ಟು, ಕಾರು ಬಳಸಿ ಎಂದು ಹೇಳಿ, ನಡಿಗೆಯನ್ನು ಸಾವಿರದ ಮುನ್ನೂರರ ಆಸುಪಾಸಿಗೆ ಇಳಿಸಿತು. ಎರಡೇ ವಾರ. ಹೊಟ್ಟೆಯ ಒಳಕೊಬ್ಬು ಶೇ 7ರಷ್ಟು ಹೆಚ್ಚಿತು, ಸಕ್ಕರೆ ನಿಭಾಯಿಸಲು ದೇಹಕ್ಕೆ ಮೊದಲಿಗಿಂತ ಹೆಚ್ಚು ಇನ್ಸುಲಿನ್ ಬೇಕಾಯಿತು. ಮನೆಯಿಂದಲೇ ಕೆಲಸ ಮಾಡುವ ನಮ್ಮ ಸಾಫ್ಟ್‌ವೇರ್ ಹುಡುಗ-ಹುಡುಗಿಯರು ಎಷ್ಟೋ ದಿನ ಆ ಸಾವಿರದ ಮುನ್ನೂರನ್ನೂ ಮುಟ್ಟುವುದಿಲ್ಲ.

ಇನ್ನು ರೋಗನಿರೋಧಕ ಶಕ್ತಿಯ ಮಾತು. ಜೋರಾಗಿ ವ್ಯಾಯಾಮ ಮಾಡಿದರೆ ನೆಗಡಿ, ಜ್ವರ ಹಿಡಿಯುತ್ತದೆ ಎಂಬ ನಂಬಿಕೆ ಗಟ್ಟಿಯಾದದ್ದು 1987ರ ಲಾಸ್ ಏಂಜಲೀಸ್ ಮ್ಯಾರಥಾನಿನ ಲೆಕ್ಕದಿಂದ. ಓಡಿದವರಲ್ಲಿ ಶೇ 12.9 ಮಂದಿ ಮುಂದಿನ ವಾರ ಸೋಂಕಾಯಿತು ಎಂದರು. ತರಬೇತಿ ಪಡೆದೂ ಅಂದು ಓಡದವರಲ್ಲಿ ಹಾಗೆಂದವರು ಶೇ 2.2. ಆದರೆ ಇದೆಲ್ಲ ಓಟಗಾರರು ತಾವೇ ಹೇಳಿದ್ದು, ಲ್ಯಾಬಿನಲ್ಲಿ ಪರೀಕ್ಷಿಸಿದ್ದಲ್ಲ. ಓಟದ ನಂತರ ಒಂದೆರಡು ಗಂಟೆ ರಕ್ತದಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಕಡಿಮೆಯಾಗುವುದು ನಿಜ. ಅವು ಸತ್ತು ಹೋದವು ಎಂದು ಆಗ ಭಾವಿಸಲಾಗಿತ್ತು. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಕ್ಯಾಂಪ್‌ಬೆಲ್ ಮತ್ತು ಟರ್ನರ್ 2018ರಲ್ಲಿ ಹಳೆಯ ಪುರಾವೆಗಳನ್ನೆಲ್ಲ ಮತ್ತೆ ಸೋಸಿ ಬೇರೆಯೇ ತೀರ್ಮಾನಕ್ಕೆ ಬಂದರು: ಆ ಕಣಗಳು ಸತ್ತಿಲ್ಲ, ಶ್ವಾಸಕೋಶ, ಕರುಳಿನಂಥ ಕಡೆಗಳಿಗೆ ಗಸ್ತಿಗೆ ಹೋಗಿವೆ. ಅದೇ ವರ್ಷ ಬಂದ ಇನ್ನೊಂದು ಅಧ್ಯಯನ 55ರಿಂದ 79 ವಯಸ್ಸಿನ 125 ಮಂದಿ ಸೈಕಲ್ ಹವ್ಯಾಸಿಗಳದು. ವಯಸ್ಸಾದಂತೆ ಕುಗ್ಗಿಹೋಗುವ ಥೈಮಸ್ ಗ್ರಂಥಿ ಅವರಲ್ಲಿ ಸೋಂಕಿನೊಡನೆ ಹೋರಾಡುವ ಹೊಸ ಟಿ-ಕಣಗಳನ್ನು ಹೆಚ್ಚುಕಡಿಮೆ ಯುವಕರಷ್ಟೇ ಹೊರಬಿಡುತ್ತಿತ್ತು. ಹಾಗಂತ ಜ್ವರ ಇರುವಾಗ ಓಡಬಾರದು. ವೈರಸ್ ಹೃದಯದ ಸ್ನಾಯುವಿಗೆ ಇಳಿದಿದ್ದರೆ ಆಗಿನ ದಣಿವು ಪ್ರಾಣಕ್ಕೇ ಕುತ್ತು.

ಕ್ಯಾನ್ಸರಿನ ವಿಷಯದಲ್ಲಿ ಇಲಿಗಳು ದಾರಿ ತೋರಿದವು. ಚಕ್ರದಲ್ಲಿ ಓಡುವ ಇಲಿಗಳಲ್ಲಿ ಗೆಡ್ಡೆಯ ಬೆಳವಣಿಗೆ ಶೇ 60ಕ್ಕೂ ಹೆಚ್ಚು ಕುಂದಿತೆಂದು 2016ರಲ್ಲಿ ವರದಿಯಾಯಿತು. ಓಟದಲ್ಲಿ ಉಕ್ಕುವ ಅಡ್ರಿನಲಿನ್ ‘ನ್ಯಾಚುರಲ್ ಕಿಲ್ಲರ್’ ಎಂಬ ರೋಗನಿರೋಧಕ ಕಣಗಳನ್ನು ರಕ್ತಕ್ಕೆಳೆಯುತ್ತದೆ, ಅವು ಗೆಡ್ಡೆಯತ್ತ ನುಗ್ಗಲು ಐಎಲ್-6 ನೆರವಾಗುತ್ತದೆ. ಮನುಷ್ಯರಲ್ಲೂ ಹೀಗೆಯೇ ನಡೆಯುತ್ತದೆಂದು ಹೇಳಲು ಇನ್ನೂ ಪುರಾವೆ ಸಾಲದು. ಆದರೆ ಫಲ ಮಾತ್ರ ಎದುರಿಗಿದೆ. 2025ರಲ್ಲಿ ಪ್ರಕಟವಾದ ‘ಚಾಲೆಂಜ್’ ಪರೀಕ್ಷೆಯಲ್ಲಿ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ಕಿಮೋಥೆರಪಿ ಮುಗಿಸಿದ 889 ಮಂದಿ ಇದ್ದರು. ಅರ್ಧದಷ್ಟು ಜನರಿಗೆ ಆರೋಗ್ಯದ ಪುಸ್ತಿಕೆ ಕೊಟ್ಟರು. ಉಳಿದವರಿಗೆ ಪುಸ್ತಿಕೆಯ ಜೊತೆಗೆ ಮೂರು ವರ್ಷ ಬೆನ್ನುಬಿಡದೆ ಹುರಿದುಂಬಿಸುವ ವ್ಯಾಯಾಮ ಸಲಹೆಗಾರರನ್ನೂ ಕೊಟ್ಟರು. ಯಾವ ವ್ಯಾಯಾಮ ಎಂಬುದು ರೋಗಿಯ ಆಯ್ಕೆ. ಚುರುಕು ನಡಿಗೆಯಾದರೆ ವಾರಕ್ಕೆ ಮೂರು-ನಾಲ್ಕು ದಿನ, ಮುಕ್ಕಾಲು ಗಂಟೆ ನಡೆದರೆ ಗುರಿ ಮುಟ್ಟುವಂತಿತ್ತು. ಎಂಟು ವರ್ಷಗಳ ನಂತರ ಬದುಕಿದ್ದವರು ಪುಸ್ತಿಕೆಯ ಗುಂಪಿನಲ್ಲಿ ಶೇ 83.2, ವ್ಯಾಯಾಮದ ಗುಂಪಿನಲ್ಲಿ ಶೇ 90.3. ಸ್ನಾಯು-ಕೀಲುಗಳ ನೋವು ವ್ಯಾಯಾಮದವರಲ್ಲಿ ಸ್ವಲ್ಪ ಹೆಚ್ಚಿತ್ತು. ದೇಹದ ತೂಕದಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರವಿರಲಿಲ್ಲ.

ಕಿಮೋಥೆರಪಿ ಮುಗಿಸಿ ಮನೆಗೆ ಹೊರಡುವ ರೋಗಿಯ ಕೈಗೆ ನಮ್ಮ ಆಸ್ಪತ್ರೆಗಳು ಮಾತ್ರೆಗಳ ಚೀಟಿ ಕೊಡುತ್ತವೆ, ಮುಂದಿನ ಸ್ಕ್ಯಾನಿನ ತಾರೀಖು ಬರೆದುಕೊಡುತ್ತವೆ. ಅದೇ ಚೀಟಿಯಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್‌ನ ಹೆಸರು, ಫೋನ್ ನಂಬರು ಮತ್ತು ವಾರಕ್ಕೆ ಎಷ್ಟು ನಡಿಗೆ ಎಂಬುದನ್ನೂ ಬರೆಯಲು ದೊಡ್ಡ ಖರ್ಚೇನೂ ಬೇಕಿಲ್ಲ. ಆ ಕೆಲಸ ಈ ವರ್ಷವೇ ಶುರುವಾಗಲಿ.