ಶಾಸನದಲ್ಲಿ ಕೋಲಾರಮ್ಮ ಎಲ್ಲಿದ್ದಾಳೆ?

ಕೋಲಾರಮ್ಮನ ಗುಡಿಗೆ ಹೋದವರು ಚೇಳಮ್ಮನ ಹುಂಡಿಗೆ ಕಾಸು ಹಾಕಿ ಹೊರಟುಬಿಡ್ತಾರೆ. ಅಲ್ಲಿನ ಚೋಳರ ಕಾಲದ ಶಾಸನಗಳನ್ನೂ ಸ್ವಲ್ಪ ನೋಡಿ. ಪಾಠ ಬೇಕಾದರೆ ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ 10ನೇ ಸಂಪುಟದಲ್ಲಿದೆ (1905). ಇಟ್ಟಿಗೆಯ ಗುಡಿಯನ್ನು ಕಲ್ಲಿನಲ್ಲಿ ಕಟ್ಟಿಸಿದ ಸಂಗತಿ ರಾಜೇಂದ್ರ ಚೋಳನ ಕಾಲದ್ದು. ಆದರೆ ದೇವಿಯ ಹೆಸರು ಅಲ್ಲಿ ಪಿಡಾರಿ. ಬರಹ ತಮಿಳಲ್ಲಿದೆಯಲ್ಲ, ಹಾಗಾದ್ರೆ ಇವಳು ಹೊರಗಿನಿಂದ ಬಂದವಳಾ ಅಂತ ನನ್ನನ್ನು ಕೇಳಿದವರಿದ್ದಾರೆ.

ಪಿಡಾರಿ ಅನ್ನೋದು ಒಬ್ಬಳದೇ ಹೆಸರಲ್ಲ. ನಮ್ಮ ‘ಅಮ್ಮ’ನ ಹಾಗೆ, ಊರಿನ ನೆಲ ಕಾಯುವ ಗ್ರಾಮದೇವತೆಗೆ ಸಲ್ಲುವ ಪದ. ಯಾವ ಪಿಡಾರಿ ಅಂತ ತಿಳಿಯೋದು ಊರ ಹೆಸರಿನಿಂದ. ಇವಳು ಕುವಳಾಲದವಳು, ಅಂದರೆ ಕೋಲಾರದವಳು. ಪದಕ್ಕೆ ಪದ ಇಟ್ಟು ನೋಡಿ: ಕೋಲಾರ, ಅಮ್ಮ! ಚೋಳರಿಗಿಂತ ಮೊದಲೇ ಗಂಗರು ‘ಕುವಳಾಲಪುರವರೇಶ್ವರ’ ಎಂಬ ಬಿರುದು ಹೊತ್ತಿದ್ದರು. ಚೋಳರು ಈ ಸೀಮೆಗೆ ನಿಗರಿಲಿಚೋಳಮಂಡಲ ಎಂದು ಹೆಸರಿಟ್ಟರು. ಅದು ಈಗ ಶಾಸನದಲ್ಲಷ್ಟೇ ಇದೆ.